ಸಮಾಚಾರದ ಜಾಲದಲ್ಲಿ ಹೋಬಳಿಯ ಸ್ಥಾನ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್. ಎಜಿ., ಬರೆದುದು)

ಬೇಸಾಯಕ್ಕೆ ಬೀಜ, ಗೊಬ್ಬರ, ನೀರು ಈ ಮೂರೂ ಮುಖ್ಯವೆಂದು ನಾವು ರೈತರಿಗೆ ಅನೇಕ ವೇಳೆ ಹೇಳುತ್ತ ಬಂದಿರುವೆವು. ಇವುಗಳ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಬೇಕೆಂದು ನನಗೆ ತೋರುವುದು. ಅದೇ ಸಕಾಲದಲ್ಲಿ ಬಂದು ಮುಟ್ಟಿದ ಸಮಾಚಾರ. ಬೀಜವು ತಡವಾಗಿ ಬಂದರೆ ಮುಂದಿನ ಮಳೆಗೆ ಆದೀತು. ರೋಗದ ಸುದ್ದಿಯು ತಡವಾಗಿ ಬಂದರೆ ಅದು ಯಾವ ಮಳೆಗೂ ಆಗದು. ಈ ಸಮಾಚಾರವು ರೈತನಿಂದ ಇಲಾಖೆಗೂ ಇಲಾಖೆಯಿಂದ ರೈತನಿಗೂ ಹೋಗಿಬರುವ ದಾರಿಯನ್ನು ಕಡಮೆ ವೆಚ್ಚದಲ್ಲಿ ಹೇಗೆ ಕಟ್ಟಬೇಕೆಂಬುದೇ ಈ ಲೇಖನದ ವಿಷಯ. ಇಲ್ಲಿ ಬರೆದಿರುವುದು ನನ್ನ ಸ್ವಂತ ಅಭಿಪ್ರಾಯವೇ ಹೊರತು ಇಲಾಖೆಯ ಆಜ್ಞೆಯಲ್ಲವೆಂದು ವಾಚಕರು ತಿಳಿಯತಕ್ಕದ್ದು.

ಕೆಲವು ವರ್ಷಗಳ ಹಿಂದೆ ನನ್ನ ಸರಹದ್ದಿನ ಒಂದು ಗ್ರಾಮದಲ್ಲಿ ರೈತರೊಬ್ಬರು ಹಸುಗಳ ಮೇವಿಗೆಂದು ಮುಸುಕಿನ ಜೋಳವನ್ನು ಬಿತ್ತಿದ್ದರು. ಎಳೆಯ ಸುಳಿಯಲ್ಲಿ ತೂತುಗಳನ್ನೂ ಮರದ ಹೊಟ್ಟಿನಂತಹ ಹಿಕ್ಕೆಯನ್ನೂ ಕಂಡು, ಒಂದು ಗಿಡವನ್ನು ಕಿತ್ತುಕೊಂಡು, ಅವರು ಸಮೀಪದ ಕಚೇರಿಗೆ ಹೋಗಿ ತಿಳಿಸಿದರು. ಅಲ್ಲಿದ್ದವರು ಸಲಹೆ ಹೇಳಲು ತಮಗೆ ಅಧಿಕಾರವಿಲ್ಲವೆಂದು ಭಾವಿಸಿ ಸಂಗತಿಯನ್ನು ಮೇಲಕ್ಕೆ ಬರೆದರು. ಕಾಗದವು ನಾಲ್ಕು ಮೇಜುಗಳನ್ನು ಹತ್ತಿ, ಪುನಃ ಅವೇ ನಾಲ್ಕು ಮೇಜುಗಳನ್ನು ಇಳಿದು ಬರಬೇಕಾಯಿತು. ಒಂದೊಂದು ಮೇಜಿನ ಮೇಲೆ ಎರಡೆರಡು ದಿವಸ ತಂಗಿತು. ಇದರಲ್ಲಿ ಯಾರೊಬ್ಬರೂ ಸೋಮಾರಿತನ ಮಾಡಿದರೆಂದು ನಾನು ಹೇಳಲಾರೆನು. ಆದರೂ ಹದಿನಾರನೆಯ ದಿನಕ್ಕೆ ಸಲಹೆ ಬಂದಿತು. ಈ ಸೈನಿಕ ಹುಳುವಿನ ಮರಿಯು ಸುಳಿಯನ್ನು ತಿನ್ನುವ ಕಾಲವು ಸುಮಾರು ೧೪ ರಿಂದ ೨೨ ದಿವಸಗಳು ಮಾತ್ರ. ಮರಿಗಳು ಚಿಕ್ಕವಾಗಿರುವಾಗ ಔಷಧವು ತಗಲುವುದು; ಅವು ಬಲಿತು ಸುಳಿಯ ಆಳಕ್ಕಿಳಿದು ಹಿಕ್ಕೆಯಿಂದ ಬಾಯಿ ಮುಚ್ಚಿಕೊಂಡ ಮೇಲೆ ಸಿಂಪಡಿಸಿದ್ದೆಲ್ಲ ಬಹುಮಟ್ಟಿಗೆ ವ್ಯರ್ಥ. ಆ ರೈತರು ಕಾಗದವನ್ನು ಓದಿಸಿ ಕೇಳಿ, "ಸಲಹೆ ಸರಿಯಾಗಿದೆ ಸ್ವಾಮಿ, ಹುಳು ಮಾತ್ರ ಕಾಯಲಿಲ್ಲ" ಎಂದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ನೆರೆಯ ಮೂರು ಗ್ರಾಮದವರು ಅದೇ ಹುಳುವನ್ನು ತಮ್ಮ ತಮ್ಮ ಹೊಲಗಳಲ್ಲಿಯೇ ನೋಡಿ ಕಲಿತಿದ್ದರು.

ಈ ಹುಳುವು ಭಾರತದಲ್ಲಿ ಮೊದಲು ಗುರುತಿಸಲ್ಪಟ್ಟುದು ನಮ್ಮ ರಾಜ್ಯದ ಶಿವಮೊಗ್ಗದಲ್ಲಿ, ೨೦೧೮ನೆಯ ಇಸವಿ ಮೇ ತಿಂಗಳಿನಲ್ಲಿ. ಎರಡು ವರ್ಷ ತುಂಬುವುದರೊಳಗಾಗಿ ಅದು ದೇಶದ ಬಹುಭಾಗವನ್ನು ಸುತ್ತಿತು. ರೇಷ್ಮೆಯನ್ನು ಬೆಳೆಯುವ ನಮ್ಮ ಸೀಮೆಯ ಹಿರಿಯರು ೧೯೮೦ನೆಯ ಇಸವಿಯನ್ನೂ ಮರೆತಿರಲಾರರು. ಆ ವರ್ಷ ಪಶ್ಚಿಮ ಬಂಗಾಳದಿಂದ ತಂದ ಗೂಡುಗಳ ಸಂಗಡ ಊಜಿ ನೊಣವು ಕರ್ನಾಟಕಕ್ಕೆ ಬಂದಿಳಿಯಿತು. ಅಂದಿನಿಂದ ಹುಳು ಸಾಕುವ ಮನೆಗಳಿಗೆ ಸೊಳ್ಳೆಯ ಪರದೆಯಂತಹ ಬಲೆ ಕಟ್ಟುವುದು ಅನಿವಾರ್ಯವಾಯಿತು. ಕೀಟಗಳು ಲಾರಿ, ರೈಲು, ಗಾಳಿ ಇವುಗಳ ಜಾಲದಲ್ಲಿ ಸಂಚರಿಸುವುವು. ನಮ್ಮ ಸಮಾಚಾರದ ಜಾಲವು ಅದಕ್ಕಿಂತ ನಿಧಾನವಾದುದಾದರೆ ನಾವು ಎಷ್ಟು ಪಂಡಿತರಾಗಿದ್ದರೂ ಫಲವಿಲ್ಲ.

ಹಾಗಾದರೆ ಜಾಲವನ್ನು ಕಟ್ಟುವ ಬಗೆ ಹೇಗೆ? ಮೂರು ಕ್ರಮಗಳುಂಟು. ಪ್ರತಿಯೊಂದು ಗ್ರಾಮವನ್ನೂ ಮಿಕ್ಕೆಲ್ಲ ಗ್ರಾಮಗಳೊಡನೆ ಕಟ್ಟುವುದು ಒಂದು. ಎಲ್ಲ ಗ್ರಾಮಗಳನ್ನೂ ನೇರವಾಗಿ ಒಂದೇ ಕೇಂದ್ರಕ್ಕೆ ಕಟ್ಟುವುದು ಎರಡನೆಯದು. ಗ್ರಾಮವನ್ನು ಹೋಬಳಿಗೆ, ಹೋಬಳಿಯನ್ನು ತಾಲ್ಲೂಕಿಗೆ, ತಾಲ್ಲೂಕನ್ನು ಜಿಲ್ಲೆಗೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟುವುದು ಮೂರನೆಯದು. ಇದನ್ನು ಶ್ರೇಣೀಬದ್ಧ ಜಾಲವೆನ್ನುವರು. ಟೆಲಿಫೋನು, ವಿದ್ಯುಚ್ಛಕ್ತಿ, ಅಂಚೆ, ರೈಲು ಎಲ್ಲವೂ ಈ ಮೂರನೆಯ ಕ್ರಮವನ್ನೇ ಅನುಸರಿಸಿರುವುವು. ಅದರ ಕಾರಣವು ಒಂದು ಚಿಕ್ಕ ಲೆಕ್ಕದಿಂದ ಗೊತ್ತಾಗುವುದು.

ಲೆಕ್ಕದ ಅನುಕೂಲಕ್ಕಾಗಿ ಒಂದು ತಾಲ್ಲೂಕಿನಲ್ಲಿ ೧೨೦ ಗ್ರಾಮಗಳಿವೆಯೆಂದೂ ತಾಲ್ಲೂಕಿನ ಊರಿನಿಂದ ಒಂದೊಂದೂ ಸರಾಸರಿ ೧೦ ಮೈಲಿ ದೂರದಲ್ಲಿದೆಯೆಂದೂ ಇಟ್ಟುಕೊಳ್ಳೋಣ. ಪ್ರತಿ ಗ್ರಾಮವನ್ನೂ ಪ್ರತಿ ಗ್ರಾಮದೊಡನೆ ಕಟ್ಟುವುದಾದರೆ ೭,೧೪೦ ತಂತಿಗಳು ಬೇಕಾಗುವುವು. ಇದು ಆಗದ ಮಾತು. ಎಲ್ಲವನ್ನೂ ನೇರವಾಗಿ ತಾಲ್ಲೂಕಿನ ಊರಿಗೆ ಎಳೆದರೆ ೧,೨೦೦ ಮೈಲಿ ತಂತಿ ಬೇಕು. ಈಗ ನಡುವೆ ೬ ಹೋಬಳಿ ಕೇಂದ್ರಗಳನ್ನಿಟ್ಟು, ಒಂದೊಂದಕ್ಕೆ ೨೦ ಗ್ರಾಮಗಳನ್ನು ಸರಾಸರಿ ೩ ಮೈಲಿಯ ತಂತಿಯಿಂದ ಸೇರಿಸೋಣ. ಗ್ರಾಮಗಳ ತಂತಿ ೩೬೦ ಮೈಲಿ, ಹೋಬಳಿಗಳಿಂದ ತಾಲ್ಲೂಕಿಗೆ ೬೦ ಮೈಲಿ, ಒಟ್ಟು ೪೨೦ ಮೈಲಿ. ಒಂದು ಕೇಂದ್ರದ ಯಂತ್ರ ಮತ್ತು ಆಳಿನ ಖರ್ಚನ್ನು ೫ ಮೈಲಿ ತಂತಿಯ ಖರ್ಚಿಗೆ ಸಮನೆಂದು ಎಣಿಸಿದರೆ ಇನ್ನು ೩೦ ಸೇರಿ ೪೫೦ ಆಗುವುದು. ನೇರವಾಗಿ ಎಳೆದುದರಲ್ಲಿ ಇದು ಅರ್ಧಕ್ಕಿಂತಲೂ ಕಡಮೆ.

ಕೇಂದ್ರಗಳು ಹೆಚ್ಚಾದಷ್ಟೂ ಉಳಿತಾಯವು ಹೆಚ್ಚುವುದೋ ಎಂದು ಕೆಲವರು ಕೇಳಬಹುದು. ಅದೂ ಸರಿಯಲ್ಲ. ಆರರ ಬದಲು ೪೦ ಕೇಂದ್ರಗಳನ್ನಿಟ್ಟು ಗ್ರಾಮದ ತಂತಿಯನ್ನು ಒಂದೂವರೆ ಮೈಲಿಗೆ ಇಳಿಸಿದರೆ, ತಂತಿ ೫೮೦ ಮೈಲಿ, ಕೇಂದ್ರಗಳ ಖರ್ಚು ೨೦೦, ಒಟ್ಟು ೭೮೦. ಕೇಂದ್ರಗಳನ್ನು ಎರಡಕ್ಕೆ ಇಳಿಸಿ ಗ್ರಾಮದ ತಂತಿಯನ್ನು ೬ ಮೈಲಿಗೆ ಏರಿಸಿದರೆ ಒಟ್ಟು ೭೫೦. ಆದುದರಿಂದ ಬಹಳ ಗಂಟುಗಳೂ ಕೂಡದು, ಬಹಳ ಕಡಮೆಯೂ ಕೂಡದು. ಜಾಲದ ವೆಚ್ಚವನ್ನು ನಿರ್ಧರಿಸುವುದು ನಡುವಣ ಗಂಟುಗಳ ಸಂಖ್ಯೆ ಮತ್ತು ಅವುಗಳ ಜಾಗ. ಮೇಲಿನ ದೊಡ್ಡ ತಂತಿಗೆ ಮೆರವಣಿಗೆ ಸಲ್ಲುವುದು. ಹಣ ಉಳಿಯುವುದೂ ಪೋಲಾಗುವುದೂ ನಡುವಿನಲ್ಲಿ.

ನಮ್ಮ ಸೀಮೆಯಲ್ಲಿಯೇ ಇದಕ್ಕೆ ನಿದರ್ಶನಗಳು ಕಣ್ಣೆದುರಿಗಿವೆ. ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಮಾರ್ಗವು ೧೮೬೪ರಲ್ಲಿ ತೆರೆಯಲ್ಪಟ್ಟಿತು. ಚಿನ್ನದ ಗಣಿಗಳು ಬೆಳೆದಾಗ ಆ ಮಾರ್ಗವನ್ನೇ ಗಣಿಗಳ ಕಡೆಗೆ ತಿರುಗಿಸಲಿಲ್ಲ. ಆಗ ಬೌರಿಂಗ್‌ಪೇಟೆಯೆನಿಸಿದ್ದ ಬಂಗಾರಪೇಟೆಯಿಂದ ಸುಮಾರು ೧೦ ಮೈಲಿಯ ಕವಲೊಂದನ್ನು ೧೮೯೪ರಲ್ಲಿ ಹಾಕಿದರು. ಮುಂದೆ ಅದೇ ನಿಲ್ದಾಣದಿಂದ ಕೋಲಾರದ ಕಡೆಗೆ ಕಿರು ಹಳಿಯೂ ಹೊರಟಿತು. ಕವಲು ಒಡೆದ ಆ ಗಂಟೇ ಒಂದು ಊರಾಗಿ ಬೆಳೆಯಿತು. ಗಣಿಗಳಲ್ಲಿಯೂ ಇದೇ ಯುಕ್ತಿ. ಒಂದೊಂದು ಅದಿರಿನ ಎಳೆಗೆ ಒಂದೊಂದು ಬಾವಿಯನ್ನು ಯಾರೂ ತೋಡುವುದಿಲ್ಲ. ಒಂದು ಮುಖ್ಯ ಕೂಪ, ಅದರಿಂದ ಆಳ ಆಳಕ್ಕೆ ಹೊರಟ ಸುರಂಗಗಳು, ಅವುಗಳಿಂದ ಅಡ್ಡ ಸುರಂಗಗಳು. ೨೦೦೧ರಲ್ಲಿ ಗಣಿಗಳು ಮುಚ್ಚಿದರೂ ಈ ಪಾಠವು ಮುಚ್ಚಿಲ್ಲ.

ಇದಕ್ಕೆ ಬೇರೆ ಬಗೆಯ ಉದಾಹರಣೆಯೂ ಉಂಟು. ೧೯೦೨ನೆಯ ಇಸವಿ ಜೂನ್ ತಿಂಗಳಿನಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ೯೨ ಮೈಲಿ ದೂರದ ಕೋಲಾರದ ಗಣಿಗಳಿಗೆ ಬಂದಿತು. ಆ ಕಾಲಕ್ಕೆ ಇದು ಪ್ರಪಂಚವೇ ಬೆರಗಾಗತಕ್ಕ ಕೆಲಸ. ಬೆಂಗಳೂರಿಗೆ ದೀಪ ಬಂದುದು ಅದಾದ ಮೂರು ವರ್ಷಗಳ ತರುವಾಯ. ಆದರೆ ತಂತಿಯು ಹಾದುಹೋದ ಹಳ್ಳಿಗಳಲ್ಲಿ ಬಹುಕಾಲ ಹರಳೆಣ್ಣೆಯ ಹಣತೆಯೇ ಉರಿಯುತ್ತಿದ್ದಿತು. ಇದು ತಂತಿಯ ದೋಷವಲ್ಲ. ಕೊಳ್ಳುವವನು ಒಬ್ಬನೇ ಆಗಿದ್ದಾಗ ನೇರವಾದ ತಂತಿಯೇ ಸರಿ. ಕೊಳ್ಳುವವರು ಸಾವಿರಾರು ಮಂದಿಯಾಗಿ ಚೆದರಿರುವಾಗ, ದೊಡ್ಡ ಶಕ್ತಿಯನ್ನು ತಗ್ಗಿಸಿ ಮನೆಗೆ ತಕ್ಕಷ್ಟು ಮಾಡಿಕೊಡುವ ನಡುವಣ ಠಾಣ್ಯಗಳಿಲ್ಲದೆ ತಲೆಯ ಮೇಲಿನ ತಂತಿಯಿಂದ ಒಂದು ದೀಪವೂ ಹತ್ತದು. ಸಮಾಚಾರವೂ ಹಾಗೆಯೇ. ವಿಶ್ವವಿದ್ಯಾನಿಲಯದ ಶಾಸ್ತ್ರಜ್ಞಾನವನ್ನು ಈ ಮಣ್ಣಿಗೆ, ಈ ವಾರಕ್ಕೆ, ಈ ಭಾಷೆಗೆ ಇಳಿಸಿಕೊಡುವವರು ನಡುವೆ ಬೇಕು. ಕೆ.ಜಿ.ಎಫ್.ನಲ್ಲಿ ತಮಿಳು, ಗಡಿಯ ಹಳ್ಳಿಗಳಲ್ಲಿ ತೆಲುಗು ಮಾತನಾಡುವ ರೈತರು ಅನೇಕರಿರುವುದರಿಂದ ನಮ್ಮಲ್ಲಿ ಇದರ ಅಗತ್ಯವು ಇನ್ನೂ ಹೆಚ್ಚು.

ನಡುವಣ ಗಂಟಿನಲ್ಲಿ ಏನಿರಬೇಕೆಂಬುದಕ್ಕೆ ಕಿತ್ತೂರಿನ ಕಥೆಯು ಬಹಳ ಉಪಯುಕ್ತ. ಹಿಂದೆ ಸಣ್ಣ ಊರುಗಳಿಗೆ ಟೆಲಿಫೋನ್ ವಿನಿಮಯ ಕೇಂದ್ರವೆಂದರೆ ದುಬಾರಿಯ ಮಾತು. ಯಂತ್ರವು ಬಿಸಿಲನ್ನೂ ಧೂಳನ್ನೂ ತಾಳದು, ತಣ್ಣನೆಯ ಕೊಠಡಿ ಬೇಕು. ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಎಂಬ ಸರ್ಕಾರಿ ಸಂಶೋಧನ ಸಂಸ್ಥೆಯವರು ೧೨೮ ತಂತಿಗಳ ಒಂದು ಚಿಕ್ಕ ಗ್ರಾಮೀಣ ಯಂತ್ರವನ್ನು ರಚಿಸಿ, ಅದನ್ನು ಮೊಟ್ಟಮೊದಲು ೧೯೮೬ರಲ್ಲಿ ನಮ್ಮ ಕಿತ್ತೂರಿನಲ್ಲಿ ಸ್ಥಾಪಿಸಿದರು. ಅದಕ್ಕೆ ತಂಪು ಯಂತ್ರ ಬೇಕಿರಲಿಲ್ಲ. ಅದಕ್ಕಿಂತ ಮುಖ್ಯವಾದುದು, ಊರಿನ ಮಾತು ಊರಿನಲ್ಲಿಯೇ ತೀರುತ್ತಿದ್ದುದು. ಒಂದೇ ಬೀದಿಯ ಇಬ್ಬರು ಮಾತನಾಡಬೇಕಾದರೆ ಆ ಮಾತು ದೂರದ ನಗರಕ್ಕೆ ಹೋಗಿ ಬರಬೇಕಾಗಿಲ್ಲ. ಕೆಳಗೆ ತೀರುವುದನ್ನು ಮೇಲಕ್ಕೆ ಕಳುಹಿಸಬಾರದೆಂಬುದು ಶ್ರೇಣೀಬದ್ಧ ಜಾಲದ ಮೊದಲನೆಯ ಧರ್ಮ. ನಾನು ಮೊದಲು ಹೇಳಿದ ಮುಸುಕಿನ ಜೋಳದ ಕಾಗದವು ಈ ಧರ್ಮವನ್ನು ಮೀರಿ ನಡೆಯಿತು. ಅದಕ್ಕೆ ಹದಿನಾರು ದಿವಸಗಳ ದಂಡವನ್ನು ತೆತ್ತವರು ರೈತರು.

ನಮ್ಮ ಪೂರ್ವಿಕರು ಇದನ್ನು ಕೆರೆಗಳಿಂದ ತಿಳಿದಿದ್ದರು. ಕೋಲಾರದ ಸೀಮೆಯಲ್ಲಿ ಮೇಲಿನ ಕೆರೆಯ ಕೋಡಿಯು ಕೆಳಗಿನ ಕೆರೆಗೆ ಹರಿಯುವಂತೆ ಸರಣಿಯಾಗಿ ಕೆರೆಗಳನ್ನು ಕಟ್ಟಿದರು. ಪ್ರತಿಯೊಂದು ಕೆರೆಯೂ ತನ್ನ ಅಚ್ಚುಕಟ್ಟಿಗೆ ಬೇಕಾದುದನ್ನು ಹಿಡಿದಿಟ್ಟುಕೊಂಡು ಹೆಚ್ಚಾದುದನ್ನು ಮಾತ್ರ ಮುಂದಕ್ಕೆ ಬಿಡುವುದು. ತೂಬನ್ನು ತೆರೆಯಲು ನೀರುಗಂಟಿಯು ಅರಮನೆಯ ಅಪ್ಪಣೆಗಾಗಿ ಕಾಯುತ್ತಿರಲಿಲ್ಲ. ಹೋಬಳಿಯ ಕೇಂದ್ರವು ಸಮಾಚಾರದ ಕೆರೆಯಂತಿರಬೇಕೇ ಹೊರತು ಬರಿಯ ಕಾಲುವೆಯಂತಿರಬಾರದು.

ಎರಡನೆಯ ಧರ್ಮವು ಮತ್ತೊಂದು ದಾರಿಯನ್ನು ಇಟ್ಟಿರುವುದು. ಮೆಟ್ಟಿಲಿನ ಜಾಲದ ದೌರ್ಬಲ್ಯವೇನೆಂದರೆ, ನಡುವಣ ಗಂಟೊಂದು ಕೆಟ್ಟರೆ ಅದರ ಕೆಳಗಿನ ಇಪ್ಪತ್ತು ಗ್ರಾಮಗಳೂ ಒಮ್ಮೆಗೇ ಮೂಕವಾಗುವುವು. ಗಣಿಯ ಕಾಯಿದೆಯು ಒಂದೇ ಬಾಯಿಯ ಗಣಿಯನ್ನು ಒಪ್ಪುವುದಿಲ್ಲ. ಕೆಳಗಿಳಿದವರು ಮೇಲೆ ಬರಲು ಎರಡು ದಾರಿಗಳಿರಲೇಬೇಕು. ಇದನ್ನು ಚಾಂಪಿಯನ್ ರೀಫಿನ ಕೂಲಿಯವರ ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ತಂತಿಗಳ ವಿಷಯದಲ್ಲಿ ಈ ಬುದ್ಧಿಯು ತಡವಾಗಿ ಬಂದಿತು. ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆಯ ತಂತಿಯನ್ನು ಒಯ್ಯುವ ಯೋಜನೆಯು ೨೦೧೧ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎಂಬ ಹೆಸರನ್ನು ಪಡೆಯಿತು. ಮೊದಲು ಇದ್ದ ತಂತಿಯನ್ನೇ ಬಳಸಿಕೊಂಡು, ಉಳಿದ ದೂರಕ್ಕೆ ಮಾತ್ರ ಹೊಸದನ್ನು ಕವಲಾಗಿ ಎಳೆದುದು ಮಿತವ್ಯಯದ ಕೆಲಸವೇ. ಆದರೆ ರಸ್ತೆ ಅಗೆಯುವವನ ಹಾರೆಯು ಒಂದು ಕಡೆ ತಗಲಿದರೆ ಮುಂದಿನ ಪಂಚಾಯಿತಿಗಳೆಲ್ಲ ನಿಶ್ಶಬ್ದ. ೨೦೨೩ನೆಯ ಆಗಸ್ಟ್ ತಿಂಗಳಿನಲ್ಲಿ ಮಂಜೂರಾದ ತಿದ್ದುಪಡಿಯ ಯೋಜನೆಯಲ್ಲಿ ಕವಲುಗಳನ್ನು ಬಳೆಯ ಆಕಾರಕ್ಕೆ ತಿರುಗಿಸಲು ನಿಶ್ಚಯಿಸಿದರು. ಒಂದು ಕಡೆ ಕಡಿದರೆ ಸುದ್ದಿಯು ಇನ್ನೊಂದು ಕಡೆಯಿಂದ ಸುತ್ತಿ ಬರುವುದು.

ಇದಕ್ಕೆ ಎಷ್ಟು ಖರ್ಚೆಂಬುದನ್ನು ನಮ್ಮ ಲೆಕ್ಕದಿಂದಲೇ ನೋಡಬಹುದು. ಆರು ಹೋಬಳಿಗಳನ್ನು ಎರಡೆರಡಾಗಿ ಜೊತೆ ಮಾಡಿ, ಒಂದೊಂದು ಜೊತೆಗೆ ೮ ಮೈಲಿಯ ಅಡ್ಡ ತಂತಿಯನ್ನು ಹಾಕಿದರೆ ೨೪ ಮೈಲಿ ಹೆಚ್ಚಾಗುವುದು. ೪೫೦ ಇದ್ದುದು ೪೭೪ ಆಗುವುದು. ಸುಮಾರು ಇಪ್ಪತ್ತರಲ್ಲೊಂದು ಪಾಲು ಹೆಚ್ಚು ವೆಚ್ಚದಿಂದ ಪ್ರತಿ ಹೋಬಳಿಗೂ ಎರಡನೆಯ ದಾರಿ ದೊರೆಯುವುದು. ಮೊದಲೇ ಹಾಕಿದರೆ ಇಷ್ಟು; ಆಮೇಲೆ ಅಗೆದು ಹಾಕಿದರೆ ಬಹಳ ಹೆಚ್ಚು. ಅಗ್ಗ ಬೇರೆ, ಮಿತವ್ಯಯ ಬೇರೆ.

ಮೂರನೆಯದಾಗಿ, ದಾರಿಯು ಇಳಿಯುವುದಕ್ಕೆ ಎಷ್ಟು ಅಗಲವೋ ಹತ್ತುವುದಕ್ಕೂ ಅಷ್ಟು ಅಗಲವಿರಬೇಕು. ೧೯೭೦ರ ದಶಕದ ಕೊನೆಯಿಂದ ನಮ್ಮ ರಾಜ್ಯದಲ್ಲಿಯೂ ನಡೆದ ತರಬೇತಿ ಮತ್ತು ಭೇಟಿಯ ಪದ್ಧತಿಯು ಮನುಷ್ಯರಿಂದಲೇ ಕಟ್ಟಿದ ಶ್ರೇಣೀಬದ್ಧ ಜಾಲವಾಗಿದ್ದಿತು. ಆ ಪದ್ಧತಿಯ ನಕ್ಷೆಯಂತೆ ಒಬ್ಬ ಗ್ರಾಮಸೇವಕನಿಗೆ ರೈತರ ಎಂಟು ಗುಂಪುಗಳು, ಹದಿನೈದು ದಿವಸಕ್ಕೊಮ್ಮೆ ಗೊತ್ತಾದ ದಿನದಲ್ಲಿ ಒಂದೊಂದಕ್ಕೂ ಭೇಟಿ. ಅಂತಹ ಆರೆಂಟು ಮಂದಿಗೆ ಒಬ್ಬ ಮೇಲ್ವಿಚಾರಕ. ಬರುವ ದಿನವು ರೈತನಿಗೆ ಗೊತ್ತಿದ್ದುದು ಅದರ ದೊಡ್ಡ ಗುಣ. ಸಂಬಳ ಸಾರಿಗೆಗಳ ಭಾರ, ಕೆಳಗಿನ ಮಾತು ಮೇಲಕ್ಕೆ ಸರಿಯಾಗಿ ಏರದಿದ್ದುದು ಇವೆರಡು ಅದರ ಕೊರತೆ. ವಿದೇಶದ ಸಾಲವು ನಿಂತ ಮೇಲೆ ಆ ಭಾರವನ್ನು ಹೊರುವುದು ಕಷ್ಟವಾಯಿತು. ೨೦೦೦ದ ಸುಮಾರಿಗೆ ಹೋಬಳಿಗೊಂದರಂತೆ ರೈತ ಸಂಪರ್ಕ ಕೇಂದ್ರಗಳು ಬಂದುವು. ಗಂಟು ಸರಿಯಾದ ಜಾಗದಲ್ಲಿಯೇ ಬಿದ್ದಿತು. ಆದರೆ ಬಿತ್ತನೆಯ ಕಾಲದಲ್ಲಿ ಬೀಜ ಗೊಬ್ಬರಗಳನ್ನು ತೂಗಿ ಕೊಡುವುದರಲ್ಲಿಯೇ ಅಲ್ಲಿಯವರ ಹೊತ್ತು ಮುಗಿಯುವುದನ್ನು ನಾನು ಪ್ರತಿ ವರ್ಷ ನೋಡುತ್ತಿರುವೆನು.

ಇಲ್ಲಿ ಒಂದು ಆಕ್ಷೇಪಣೆಯು ಬರುವುದು ಸಹಜ. ಈಗ ಪ್ರತಿ ರೈತನ ಜೇಬಿನಲ್ಲಿಯೂ ಮೊಬೈಲು ಫೋನು ಇರುವಾಗ ಮೆಟ್ಟಿಲುಗಳ ಮಾತೇಕೆ ಎಂದು ಕೇಳುವರು. ಮೊದಲನೆಯದಾಗಿ, ಆ ಫೋನೇ ಮೆಟ್ಟಿಲುಗಳ ಮೇಲೆ ನಿಂತಿರುವುದು. ಜೇಬಿನಿಂದ ಸಮೀಪದ ಗೋಪುರಕ್ಕೆ ಮಾತ್ರ ಗಾಳಿಯ ದಾರಿ. ಅಲ್ಲಿಂದ ಮುಂದೆ ಬಹುಮಟ್ಟಿಗೆ ನೆಲದ ತಂತಿ, ಕೇಂದ್ರ, ಮೇಲಿನ ಕೇಂದ್ರ. ಎರಡನೆಯದಾಗಿ, ಕಿವಿಗೆ ದಾರಿ ಸಿಕ್ಕಿದ ಮಾತ್ರಕ್ಕೆ ತಿಳಿವಳಿಕೆಗೆ ದಾರಿ ಸಿಕ್ಕಿದಂತಾಗಲಿಲ್ಲ. ೨೦೦೪ರ ಜನವರಿಯಲ್ಲಿ ಪ್ರಾರಂಭವಾದ ಕಿಸಾನ್ ಕಾಲ್ ಸೆಂಟರ್ ಒಳ್ಳೆಯ ಏರ್ಪಾಡು. ೧೮೦೦-೧೮೦-೧೫೫೧ ಎಂಬ ಸಂಖ್ಯೆಗೆ ಖರ್ಚಿಲ್ಲದೆ ಕೇಳಬಹುದು. ಆದರೆ ಉತ್ತರ ಹೇಳುವವರು ಆ ಹೊಲವನ್ನು ಕಂಡವರಲ್ಲ, ಮತ್ತು ಒಬ್ಬನಿಗೆ ಹೇಳಿದ ಉತ್ತರವು ಪಕ್ಕದ ಹೊಲದವನಿಗೆ ತಾನಾಗಿ ತಲಪದು. ಇನ್ನು ವಾಟ್ಸಾಪ್ ಗುಂಪುಗಳಲ್ಲಿ ಒಂದು ನಿಜಕ್ಕೆ ಹತ್ತು ಸುಳ್ಳು ಸೇರಿ ಬರುವುವು. ಕಾಳನ್ನೂ ಹೊಟ್ಟನ್ನೂ ತೂರಿ ಬೇರೆ ಮಾಡುವ ಮೊರವೊಂದು ನಡುವೆ ಬೇಕೇ ಬೇಕು.

ಆದುದರಿಂದ ನಮ್ಮ ಎರಡು ತಾಲ್ಲೂಕುಗಳ ಮಟ್ಟಿಗೆ ಈ ಸೂಚನೆಗಳನ್ನು ಮುಂದಿಡುವೆನು. ಬಂಗಾರಪೇಟೆಯ ಕಸಬಾ, ಬೂದಿಕೋಟೆ, ಕಾಮಸಮುದ್ರ, ಹಾಗೂ ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆ, ಬೇತಮಂಗಲ, ಕ್ಯಾಸಂಬಳ್ಳಿ ಈ ಆರು ಹೋಬಳಿಗಳಲ್ಲಿ ಹೊಸ ಕಚೇರಿಯು ಅವಶ್ಯವಿಲ್ಲ. ಇರುವ ಕೇಂದ್ರದಲ್ಲಿಯೇ ಬೀಜ ತೂಗುವ ಕೆಲಸದಿಂದ ಬಿಡುಗಡೆಯಾದ, ವ್ಯವಸಾಯ ಶಾಸ್ತ್ರವನ್ನು ಓದಿದ ಒಬ್ಬರನ್ನು ಈ ಕೆಲಸಕ್ಕೆಂದೇ ಇಡಬೇಕು. ಗೊತ್ತಾದ ಕೀಟ ರೋಗಗಳಿಗೆ ಅದೇ ದಿನ ಸಲಹೆ ಕೊಡುವ ಅಧಿಕಾರವು ಅವರಿಗಿರಬೇಕು. ಗುರುತು ಸಿಕ್ಕದ ಹೊಸದನ್ನು ಮಾತ್ರ ಅವರು ಮೇಲಕ್ಕೆ, ನಡುವೆ ತಂಗದಂತೆ, ನೇರವಾಗಿ ಶಾಸ್ತ್ರಜ್ಞರಿಗೆ ಕಳುಹಿಸಬೇಕು. ಕೇಂದ್ರದ ಟೆಲಿಫೋನ್ ಸಂಖ್ಯೆಯು ಕುರ್ಚಿಗೆ ಸೇರಿರಬೇಕು, ಮನುಷ್ಯನಿಗಲ್ಲ. ಈಗ ಅಧಿಕಾರಿಗೆ ವರ್ಗವಾದ ದಿನವೇ ರೈತನ ಹತ್ತಿರವಿರುವ ಸಂಖ್ಯೆಯೂ ವರ್ಗವಾಗಿಬಿಡುವುದು. ಇದಕ್ಕಿಂತ ಕಡಮೆ ಖರ್ಚಿನಲ್ಲಿ ಸರಿಮಾಡಬಹುದಾದ ಲೋಪ ಇನ್ನೊಂದಿಲ್ಲ.

ಅಡ್ಡ ಸಂಪರ್ಕಕ್ಕಾಗಿ ಬೂದಿಕೋಟೆಯನ್ನು ಕಾಮಸಮುದ್ರದೊಡನೆ, ಬೇತಮಂಗಲವನ್ನು ಕ್ಯಾಸಂಬಳ್ಳಿಯೊಡನೆ, ಕಸಬಾವನ್ನು ರಾಬರ್ಟ್‌ಸನ್‌ಪೇಟೆಯೊಡನೆ ಜೊತೆ ಮಾಡಬೇಕು. ಒಂದರಲ್ಲಿ ಕಂಡ ರೋಗವನ್ನು ಅದೇ ಸಾಯಂಕಾಲ ಜೊತೆಯ ಹೋಬಳಿಗೆ ತಿಳಿಸುವುದು, ಒಂದರ ಅಧಿಕಾರಿಯು ರಜದ ಮೇಲಿದ್ದರೆ ಇನ್ನೊಂದರವರು ಉತ್ತರ ಹೇಳುವುದು, ಇಷ್ಟೇ ಕೆಲಸ. ಕಡೆಯ ಜೊತೆಯು ಎರಡು ತಾಲ್ಲೂಕುಗಳಿಗೆ ಸೇರಿದುದೆಂದು ಯಾರಾದರೂ ತಡೆದರೆ, ಟೆಲಿಫೋನ್ ಇಲಾಖೆಗೆ ಬಂಗಾರಪೇಟೆಯೂ ಕೆ.ಜಿ.ಎಫ್. ಊರೂ ೦೮೧೫೩ ಎಂಬ ಒಂದೇ ಸಂಕೇತದ ಊರುಗಳೆಂದು ಜ್ಞಾಪಿಸಬಹುದು. ಹುಳುವಿಗಂತೂ ತಾಲ್ಲೂಕಿನ ಎಲ್ಲೆಯು ಗೊತ್ತೇ ಇಲ್ಲ. ಕೊನೆಯದಾಗಿ, ಪ್ರತಿ ಗ್ರಾಮದಲ್ಲಿ ನಂಬಿಕೆಯುಳ್ಳ ಇಬ್ಬರು ರೈತರನ್ನು, ಅದರಲ್ಲಿ ಒಬ್ಬರು ಹೆಂಗಸರಾಗಿರುವಂತೆ, ಗೊತ್ತುಮಾಡಿಕೊಳ್ಳಬೇಕು. ಹಸುವಿಗೆ ಮೇವು ಕೊಯ್ಯುವವರೂ ರೇಷ್ಮೆಯ ಹುಳುವಿಗೆ ಸೊಪ್ಪು ಹಾಕುವವರೂ ಹೆಚ್ಚಾಗಿ ಹೆಂಗಸರೇ ಆದುದರಿಂದ ರೋಗದ ಮೊದಲ ಗುರುತು ಅವರ ಕಣ್ಣಿಗೇ ಬೀಳುವುದು.

ಇವುಗಳಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ಹಣ ಬೇಡ. ಸಮಾಚಾರದ ಜಾಲವನ್ನು ಮೇಲಿನಿಂದ ನೋಡಿದವರಿಗೆ ದೊಡ್ಡ ತಂತಿಯೂ ದೊಡ್ಡ ಯಂತ್ರವೂ ಕಾಣುವುವು. ಹೊಲದ ಬದುವಿನಿಂದ ನೋಡಿದವರಿಗೆ ಕಾಣುವುದು ಹೋಬಳಿಯ ಬಾಗಿಲೊಂದೇ. ಆ ಬಾಗಿಲು ತೆರೆದಿದ್ದು, ಒಳಗಿರುವವರಿಗೆ ಹೇಳಲು ತಿಳಿವಳಿಕೆಯೂ ಅಧಿಕಾರವೂ ಇದ್ದರೆ, ಮುಂದಿನ ಸಲ ಸುಳಿಯಲ್ಲಿ ತೂತು ಕಂಡ ರೈತರು ಗಿಡವನ್ನು ಕಿತ್ತು ತಂದ ದಿನವೇ ಔಷಧವನ್ನು ಹಿಡಿದು ಹೊಲಕ್ಕೆ ಹಿಂದಿರುಗುವರು. ಈ ವಿಷಯವಾಗಿ ಅನುಭವವುಳ್ಳ ರೈತರೂ ನನ್ನ ಸಹೋದ್ಯೋಗಿಗಳೂ ತಮ್ಮ ಅಭಿಪ್ರಾಯಗಳನ್ನು ಈ ಪತ್ರಿಕೆಗೆ ಬರೆದು ತಿಳಿಸುವರೆಂದು ನಂಬಿರುವೆನು. ಹತ್ತುವ ದಾರಿಯನ್ನು ಅಲ್ಲಿಂದಲೇ ಪ್ರಾರಂಭಿಸೋಣ.